ಒಳಗೇ ಮರಳುವ ಬೆಳಕು: ಮಂಡ್ಯ ಸೀಮೆಯ ಮೂರು ಉಪಕರಣಗಳ ಚರಿತ್ರೆ

೧

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ನೀರಿನಿಂದ ಮೊದಲುಮಾಡುತ್ತಾರೆ. ಅದು ಯುಕ್ತವೇ ಸರಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಧುಮುಕುವ ಕಾವೇರಿಯು ೧೯೦೨ನೆಯ ಇಸವಿ ಜೂನ್ ೩೦ರಂದು ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಕಳುಹಿಸಿದುದು ಒಂದು ಪರ್ವ. ಕನ್ನಂಬಾಡಿ ಕಟ್ಟೆಯ ನೀರು ೧೯೩೦ರ ದಶಕದ ಪ್ರಾರಂಭದಲ್ಲಿ ಹುಲಿಕೆರೆಯ ಸುರಂಗವನ್ನು ಹಾದು, ಆಗ ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರಾದ ಕಾಲುವೆಯಲ್ಲಿ ಹರಿದುದು ಎರಡನೆಯ ಪರ್ವ. ಆ ನೀರಿನಿಂದ ಕಬ್ಬು ಬೆಳೆಯಿತು. ಕಬ್ಬಿಗಾಗಿ ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಇವೆಲ್ಲವೂ ಪ್ರಸಿದ್ಧವಾದ ಸಂಗತಿಗಳು.

ಆದರೆ ಈ ನೀರಿನ ಚರಿತ್ರೆಯ ಒಡನೆ ಬೆಳಕಿನ ಚರಿತ್ರೆಯೊಂದೂ ಇದೇ ನೆಲದಲ್ಲಿ ನಡೆದುಬಂದಿದೆ. ಅದರ ಕಡೆಗೆ ವಿದ್ವಾಂಸರ ದೃಷ್ಟಿ ಅಷ್ಟಾಗಿ ಹರಿದಿಲ್ಲ. ಇಲ್ಲಿ ಬೆಳಕೆಂದರೆ ಶಿವನಸಮುದ್ರದ ವಿದ್ಯುತ್ತಿನಿಂದ ಹೊತ್ತಿಕೊಂಡ ದೀಪವಲ್ಲ; ಅಳೆಯುವ, ಗುರುತಿಸುವ, ಸುದ್ದಿಯನ್ನು ಹೊರುವ ಬೆಳಕು. ಕಬ್ಬು ಬೆಳೆಯುವ ಒಕ್ಕಲಿಗನು ಈ ಕಾಲದಲ್ಲಿ ಮೂರು ಗಾಜುಗಳ ಮುಂದೆ ನಿಲ್ಲಬೇಕಾಗಿದೆ. ಮೊದಲನೆಯದು ಕಬ್ಬಿನ ರಸದ ಸಾಂದ್ರತೆಯನ್ನು ನೋಡುವ ರಿಫ್ರ್ಯಾಕ್ಟೋಮೀಟರು. ಎರಡನೆಯದು ನ್ಯಾಯಬೆಲೆ ಅಂಗಡಿಯಲ್ಲಿಯೂ ಕಚೇರಿಯಲ್ಲಿಯೂ ಹೆಬ್ಬೆರಳನ್ನು ಒತ್ತಿಸಿಕೊಳ್ಳುವ ಯಂತ್ರ. ಮೂರನೆಯದು ನೆಲದಡಿಯಲ್ಲಿ ಓಡಿ ಅವನ ಪಹಣಿಯನ್ನೂ ಹಣವನ್ನೂ ಮಾತನ್ನೂ ಸಾಗಿಸುವ ಗಾಜಿನ ಎಳೆ. ಈ ಮೂರೂ ನೋಟಕ್ಕೆ ಪರಸ್ಪರ ಸಂಬಂಧವಿಲ್ಲದವು. ಆದರೂ ಇವುಗಳ ಹೃದಯದಲ್ಲಿರುವ ತತ್ತ್ವ ಒಂದೇ. ಆ ತತ್ತ್ವದ ಚರಿತ್ರೆಯನ್ನು ನಿರೂಪಿಸಿ, ಅದರಿಂದ ಒಕ್ಕಲಿಗನ ಪಾಲಿಗೆ ಫಲಿಸುವ ಒಂದು ನ್ಯಾಯವನ್ನು ತೋರಿಸುವುದು ಈ ಲೇಖನದ ಉದ್ದೇಶ.

೨

ಗಾಜು ಎಂಬ ಕನ್ನಡ ಮಾತು ಸಂಸ್ಕೃತದ ಕಾಚ ಶಬ್ದದ ತದ್ಭವ. ಕಾಚ, ಅಭ್ರಕ, ಸ್ಫಟಿಕ ಎಂಬ ಮೂರು ವಸ್ತುಗಳು ಭಾರತೀಯ ದರ್ಶನಶಾಸ್ತ್ರದಲ್ಲಿ ಒಂದು ದೊಡ್ಡ ವಾದಕ್ಕೆ ಆಸ್ಪದವನ್ನಿತ್ತಿವೆ. ನೈಯಾಯಿಕರ ಮತದಲ್ಲಿ ಚಕ್ಷುಸ್ಸು ತೈಜಸವಾದ ಇಂದ್ರಿಯ. ಅದರ ರಶ್ಮಿಯು ಹೊರಕ್ಕೆ ಹೋಗಿ ವಸ್ತುವನ್ನು ಮುಟ್ಟಿದರೆ ಮಾತ್ರ ಕಾಣುವಿಕೆ ಉಂಟಾಗುತ್ತದೆ. ನ್ಯಾಯಸೂತ್ರದ ಮೂರನೆಯ ಅಧ್ಯಾಯದ ಮೊದಲನೆಯ ಆಹ್ನಿಕದಲ್ಲಿ ಇದಕ್ಕೆ ಪೂರ್ವಪಕ್ಷವೊಂದು ಬರುತ್ತದೆ: ಗಾಜಿನ ಹಿಂದಿರುವ ಪದಾರ್ಥವೂ ಕಾಣುವುದಲ್ಲವೆ? ಹಾಗಾದರೆ ಮುಟ್ಟದೆಯೇ ಕಂಡಂತಾಯಿತಲ್ಲ? ಸಿದ್ಧಾಂತಿಯ ಉತ್ತರವೇನೆಂದರೆ, ಗೋಡೆಯ ಹಿಂದಿರುವುದು ಕಾಣದು, ಆದುದರಿಂದ ತಡೆಯೆಂಬುದು ಉಂಟು. ಗಾಜು ರಶ್ಮಿಯನ್ನು ತಡೆಯುವುದಿಲ್ಲ, ಆದುದರಿಂದ ಸ್ಪರ್ಶಕ್ಕೆ ಭಂಗವಿಲ್ಲ. ಕನ್ನಡಿಯಲ್ಲಿ ಮುಖ ಕಾಣುವುದಕ್ಕೆ ರಶ್ಮಿಯು ಹಿಂದಿರುಗುವುದೇ ಕಾರಣವೆಂದು ಅವರು ಹೇಳುತ್ತಾರೆ. ಬೌದ್ಧರು ಈ ಸ್ಪರ್ಶವಾದವನ್ನು ಒಪ್ಪಲಿಲ್ಲ.

ರಶ್ಮಿಯು ಕಣ್ಣಿನಿಂದ ಹೊರಡುವುದಿಲ್ಲ, ವಸ್ತುವಿನಿಂದ ಕಣ್ಣಿಗೆ ಬರುತ್ತದೆಯೆಂಬುದು ಈಗ ನಿರ್ವಿವಾದ. ಆದರೂ ಆ ವಾದದಲ್ಲಿ ಎದ್ದ ಪ್ರಶ್ನೆ ಮಾತ್ರ ಸತ್ತ್ವವುಳ್ಳದ್ದು. ಯಾವುದು ಬೆಳಕನ್ನು ಬಿಡುತ್ತದೆ, ಯಾವುದು ಮರಳಿಸುತ್ತದೆ? ಶಾಸ್ತ್ರಕಾರರು ಗಾಜನ್ನು ಒಂದು ಪಂಕ್ತಿಯಲ್ಲಿಯೂ ಕನ್ನಡಿಯನ್ನು ಮತ್ತೊಂದರಲ್ಲಿಯೂ ಇಟ್ಟರು. ಪ್ರಕೃತಿಯು ಹಾಗೆ ಇಟ್ಟಿಲ್ಲ. ಒಂದೇ ಗಾಜು, ಬೆಳಕು ಬಂದು ತಾಕುವ ಓರೆಯನ್ನು ಅನುಸರಿಸಿ, ಕೆಲವು ವೇಳೆ ಕಿಟಕಿಯಾಗುತ್ತದೆ, ಕೆಲವು ವೇಳೆ ಕನ್ನಡಿಯಾಗುತ್ತದೆ.

ಇದನ್ನು ತಿಳಿಯಲು ಊರ ಕೆರೆಯೇ ಸಾಕು. ತಿಳಿನೀರಿನಲ್ಲಿ ಮುಳುಗಿ ಮೇಲಕ್ಕೆ ನೋಡುವವನಿಗೆ ಆಕಾಶವೆಲ್ಲವೂ ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ ಅಡಗಿದಂತೆ ಕಾಣುತ್ತದೆ. ಆ ಕಿಂಡಿಯ ಆಚೆಗೆ ನೀರಿನ ಮೇಲ್ಮೈಯು ಬೆಳ್ಳಿಯ ತಗಡಿನಂತಾಗಿ ಕೆರೆಯ ತಳವನ್ನೇ ಪ್ರತಿಬಿಂಬಿಸುತ್ತದೆ. ನೀರಿನೊಳಗಿಂದ ಗಾಳಿಗೆ ಹೋಗುವ ಕಿರಣವು ಹೊರಬರುವಾಗ ಬಾಗುತ್ತದೆ. ಮೇಲ್ಮೈಗೆ ನೆಟ್ಟನೆ ನಿಂತ ಲಂಬದಿಂದ ಅದರ ಓರೆ ಹೆಚ್ಚಿದಷ್ಟೂ ಬಾಗು ಹೆಚ್ಚುತ್ತದೆ. ಓರೆಯು ೪೮.೬ ಡಿಗ್ರಿಗಳನ್ನು ಮುಟ್ಟಿದಾಗ ಹೊರಬಂದ ಕಿರಣವು ನೀರಿನ ಮೈಯನ್ನೇ ಸವರಿಕೊಂಡು ಹೋಗುತ್ತದೆ. ಆ ಮೇರೆಯನ್ನು ದಾಟಿದರೆ ಹೊರಗೆ ಹೋಗಲು ದಾರಿಯೇ ಇಲ್ಲ. ಬೆಳಕೆಲ್ಲವೂ ಒಳಕ್ಕೇ ಮರಳುತ್ತದೆ. ಈ ಮೇರೆಗೆ ನಿರ್ಣಾಯಕ ಕೋನವೆಂದೂ, ಹೀಗೆ ಮರಳುವುದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದೂ ಹೆಸರು. ಬೆಳ್ಳಿ ಲೇಪಿಸಿದ ಕನ್ನಡಿಯೂ ಸ್ವಲ್ಪ ಬೆಳಕನ್ನು ತಾನೇ ನುಂಗುತ್ತದೆ. ಈ ಲೇಪವಿಲ್ಲದ ಕನ್ನಡಿಯು ಏನನ್ನೂ ನುಂಗುವುದಿಲ್ಲ.

ಕಿರಣವು ಬಾಗುವ ನಿಯಮವನ್ನು ಬಾಗ್ದಾದಿನ ಇಬ್ನ್ ಸಹ್ಲ್ ಎಂಬ ವಿದ್ವಾಂಸನು ಹತ್ತನೆಯ ಶತಮಾನದಲ್ಲಿಯೇ ಅರಿತಿದ್ದನು. ಯೂರೋಪಿನಲ್ಲಿ ಕೆಪ್ಲರನು ೧೬೧೧ರಲ್ಲಿ ಒಳಗೇ ಮರಳುವ ಬೆಳಕನ್ನು ವರ್ಣಿಸಿದನು. ೧೬೨೧ರ ಸುಮಾರಿನಲ್ಲಿ ಸ್ನೆಲ್ಲನು ಬಾಗುವಿಕೆಯ ನಿಯಮವನ್ನು ಕಂಡನು. ೧೬೩೭ರಲ್ಲಿ ಡೆಕಾರ್ಟನು ಅದನ್ನು ಪ್ರಕಟಿಸಿದನು. ಎರಡು ಪಟ್ಟಕಗಳನ್ನು ಒಂದಕ್ಕೊಂದು ಒತ್ತಿದರೆ, ಅವು ಮುಟ್ಟಿದ ಎಡೆಯಲ್ಲಿ ಮಾತ್ರ ಬೆಳಕು ಮರಳದೆ ದಾಟಿಹೋಗುವುದನ್ನು ನ್ಯೂಟನ್ನನು ನೋಡಿ ತನ್ನ ಬೆಳಕಿನ ಗ್ರಂಥದಲ್ಲಿ ಬರೆದಿಟ್ಟನು. ಸಣ್ಣದಾಗಿ ತೋರುವ ಈ ಕಡೆಯ ಸಂಗತಿಯು ಮುಂದೆ ಬೆರಳಿನ ವಿಷಯದಲ್ಲಿ ಮುಖ್ಯವಾಗುತ್ತದೆ.

೩

ಕಬ್ಬು ಬಲಿತಿದೆಯೆ ಎಂಬುದನ್ನು ಅರಿಯುವ ಬಗೆ ಆಲೆಮನೆಯವರಿಗೆ ಹಿಂದಿನಿಂದಲೂ ತಿಳಿದದ್ದೇ. ಗರಿಯ ಬಣ್ಣ, ಜಲ್ಲೆಯ ಸದ್ದು, ನಾಲಗೆಯ ರುಚಿ, ಇವು ಅವರ ಪ್ರಮಾಣಗಳು. ಕೊಪ್ಪರಿಗೆಯಲ್ಲಿ ಕುದಿಯುವ ಪಾಕವು ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ತಣ್ಣೀರಿಗೆ ಒಂದು ತೊಟ್ಟು ಬಿಟ್ಟು ಬೆರಳಿನಲ್ಲಿ ಹಿಸುಕಿ ನೋಡುತ್ತಾರೆ. ಈ ಜ್ಞಾನವು ಅಲ್ಪವಾದುದಲ್ಲ. ಆದರೆ ಅದನ್ನು ಒಬ್ಬನಿಂದ ಮತ್ತೊಬ್ಬನಿಗೆ ಅಂಕಿಯ ರೂಪದಲ್ಲಿ ಒಪ್ಪಿಸಲು ಬರುವುದಿಲ್ಲ. ಸಕ್ಕರೆ ಕಾರ್ಖಾನೆಗೆ ಅಂಕಿಯೇ ಬೇಕು.

ಆ ಅಂಕಿಯನ್ನು ಕೊಡುವ ಉಪಕರಣವನ್ನು ಜರ್ಮನಿಯ ಯೇನಾ ನಗರದಲ್ಲಿ ಅರ್ನ್ಸ್ಟ್ ಅಬ್ಬೆ ಎಂಬವನು ರೂಪಿಸಿ ೧೮೭೪ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಅದರ ಮರ್ಮ ಹೀಗಿದೆ. ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಅದು ಬೆಳಕನ್ನು ಹೆಚ್ಚಾಗಿ ಬಾಗಿಸುತ್ತದೆ. ಬಾಗಿಸುವ ಈ ಶಕ್ತಿಯ ಅಂಕಿಯನ್ನು ವಕ್ರೀಭವನಾಂಕವೆನ್ನುತ್ತಾರೆ. ಶುದ್ಧವಾದ ನೀರಿಗೆ ಅದು ೧.೩೩೩, ನೂರಕ್ಕೆ ಇಪ್ಪತ್ತು ತೂಕ ಸಕ್ಕರೆಯುಳ್ಳ ನೀರಿಗೆ ೧.೩೬೪. ಈಗ ೧.೫೨ರ ವಕ್ರೀಭವನಾಂಕವುಳ್ಳ ಗಾಜಿನ ಮೇಲೆ ಒಂದು ತೊಟ್ಟು ನೀರನ್ನು ಹಚ್ಚಿದರೆ ನಿರ್ಣಾಯಕ ಕೋನವು ೬೧.೩ ಡಿಗ್ರಿ, ಅದೇ ಗಾಜಿನ ಮೇಲೆ ಆ ಸಕ್ಕರೆಯ ನೀರನ್ನು ಹಚ್ಚಿದರೆ ೬೩.೮ ಡಿಗ್ರಿ. ಮೇರೆಯು ಎರಡೂವರೆ ಡಿಗ್ರಿಗಳಷ್ಟು ಸರಿಯಿತು. ಮೇರೆಯ ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲೆ. ಕಣ್ಣಿಟ್ಟು ನೋಡುವವನಿಗೆ ಬೆಳಕು ಕತ್ತಲೆಗಳ ನಡುವಣ ಗೆರೆಯು ಅಳತೆಯ ಪಟ್ಟಿಯ ಮೇಲೆ ಎಲ್ಲಿ ನಿಂತಿದೆಯೆಂಬುದು ಕಾಣುತ್ತದೆ. ಆ ಪಟ್ಟಿಯ ಅಂಕಿಗೆ, ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸನೊಬ್ಬನ ಹೆಸರಿನಿಂದ, ಬ್ರಿಕ್ಸ್ ಎಂದು ಹೆಸರಾಯಿತು.

ಕೈಯಲ್ಲಿ ಹಿಡಿಯುವ ಸಣ್ಣ ರಿಫ್ರ್ಯಾಕ್ಟೋಮೀಟರು ಗದ್ದೆಯ ಬದುವಿನ ಮೇಲೆಯೇ ಈ ಕೆಲಸವನ್ನು ಮಾಡುತ್ತದೆ. ದೀಪವೂ ಬೇಡ, ಆಕಾಶದ ಕಡೆಗೆ ಹಿಡಿದರೆ ಸಾಕು. ಜಲ್ಲೆಯ ಬುಡದ ರಸವನ್ನೂ ತುದಿಯ ರಸವನ್ನೂ ಬೇರೆ ಬೇರೆಯಾಗಿ ನೋಡುವುದು ಇದರಲ್ಲಿ ಕ್ರಮ. ಎಳೆಯ ಕಬ್ಬಿನ ತುದಿಯಲ್ಲಿ ಸಿಹಿ ಕಡಿಮೆ, ಬುಡದಲ್ಲಿ ಹೆಚ್ಚು. ಬಲಿಯುತ್ತ ಬಂದಂತೆ ಎರಡು ಅಂಕಿಗಳೂ ಸಮೀಪಿಸುತ್ತವೆ. ಅವು ಹೆಚ್ಚುಕಡಿಮೆ ಸಮವಾದಾಗ ಕಡಿಯುವ ಕಾಲ ಬಂದಿತೆಂದು ತಿಳಿಯಬೇಕು. ನಾಲಗೆಯು ಹೇಳುತ್ತಿದ್ದುದನ್ನೇ ಗಾಜು ಅಂಕಿಯಲ್ಲಿ ಹೇಳಿತು.

ಆದರೆ ಬ್ರಿಕ್ಸ್ ಎಂಬುದು ರಸದಲ್ಲಿ ಕರಗಿದ ಪದಾರ್ಥಗಳೆಲ್ಲದರ ಅಳತೆಯೇ ಹೊರತು ಸಕ್ಕರೆಯೊಂದರದೇ ಅಲ್ಲ. ಉಪ್ಪಿನ ಅಂಶವೂ ಬೇರೆ ಬಗೆಯ ಸಿಹಿಯೂ ಅದರಲ್ಲಿ ಸೇರಿಕೊಳ್ಳುತ್ತವೆ. ಸಕ್ಕರೆಯನ್ನೇ ಪ್ರತ್ಯೇಕಿಸಿ ಹೇಳಲು ಇನ್ನೊಂದು ಬಗೆಯ ಬೆಳಕು ಬೇಕಾಯಿತು. ಒಂದೇ ತಲದಲ್ಲಿ ಕಂಪಿಸುವಂತೆ ಮಾಡಿದ ಬೆಳಕು ಕೆಲವು ದ್ರವಗಳಲ್ಲಿ ಹಾದುಹೋಗುವಾಗ ಆ ತಲವು ತಿರುಚಿಕೊಳ್ಳುವುದೆಂಬುದನ್ನು ಫ್ರಾನ್ಸಿನ ಬಿಯೋ ಎಂಬ ವಿಜ್ಞಾನಿಯು ೧೮೧೫ರಲ್ಲಿ ಕಂಡುಹಿಡಿದನು. ಕಬ್ಬಿನ ಸಕ್ಕರೆಯು ಬೆಳಕಿನ ತಲವನ್ನು ಬಲಕ್ಕೆ ತಿರುಚುತ್ತದೆ. ತಿರುಚಿದ ಕೋನವನ್ನು ಅಳೆದರೆ ಸಕ್ಕರೆಯ ಪ್ರಮಾಣವು ದೊರೆಯುತ್ತದೆ. ಸಕ್ಕರೆ ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ ಪೋಲಾರಿಮೀಟರು ಎಂಬ ಉಪಕರಣವು ಮಾಡುವ ಕೆಲಸ ಇದೇ. ಕಡಿದ ಕಬ್ಬು ಬಿಸಿಲಿನಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಅದರ ಸಕ್ಕರೆಯು ಒಡೆದು ಬೇರೆ ಎರಡು ಸಿಹಿಗಳಾಗುತ್ತದೆ, ಆ ಮಿಶ್ರಣವು ಬೆಳಕನ್ನು ಎಡಕ್ಕೆ ತಿರುಚುತ್ತದೆ. ಬ್ರಿಕ್ಸಿನ ಅಂಕಿ ಇಳಿಯದಿದ್ದರೂ, ನೀರು ಆರಿದುದರಿಂದ ಅದು ಏರಿದ್ದರೂ ಸಹ, ನಿಜವಾದ ಸಕ್ಕರೆ ಇಳಿದಿರಬಹುದು. ಗಾಡಿಯು ಸರತಿಯಲ್ಲಿ ನಿಂತಷ್ಟು ಹೊತ್ತೂ ರೈತನ ಮನಸ್ಸು ಏಕೆ ಕುದಿಯುವುದೆಂಬುದಕ್ಕೆ ಈ ತಿರುಚುವ ಬೆಳಕೇ ವ್ಯಾಖ್ಯಾನ.

ಇದು ಬೆಲೆಗೂ ಸಂಬಂಧಿಸಿದ ವಿಷಯ. ೧೯೬೬ರ ಕಬ್ಬು ನಿಯಂತ್ರಣ ಆಜ್ಞೆಯಂತೆ ಕೇಂದ್ರ ಸರ್ಕಾರವು ಗೊತ್ತುಮಾಡುವ ಕಬ್ಬಿನ ಬೆಲೆಯು ಕಾರ್ಖಾನೆಯ ಸಕ್ಕರೆಯ ಇಳುವರಿಯೊಡನೆ ಹೆಣೆದುಕೊಂಡಿದೆ. ೨೦೨೫-೨೬ನೆಯ ಹಂಗಾಮಿಗೆ ನೂರಕ್ಕೆ ೧೦.೨೫ರ ಇಳುವರಿಗೆ ಕ್ವಿಂಟಲಿಗೆ ೩೫೫ ರೂಪಾಯಿ ಎಂದು ಗೊತ್ತಾಯಿತು. ಇಳುವರಿ ಏರಿದರೆ ಬೆಲೆಯೂ ಏರಬೇಕು. ಮಂಡ್ಯದಲ್ಲಾಗಲಿ, ಮದ್ದೂರು ತಾಲ್ಲೂಕಿನ ಕೊಪ್ಪ, ಭಾರತೀನಗರಗಳಲ್ಲಾಗಲಿ ಕಾರ್ಖಾನೆಯ ಬಾಗಿಲಿಗೆ ಕಬ್ಬನ್ನು ತರುವವನು ತೂಕದ ಮುಳ್ಳನ್ನು ಕಣ್ಣಾರೆ ನೋಡುತ್ತಾನೆ. ಇಳುವರಿಯ ಅಂಕಿಯ ಹಿಂದಿರುವ ಪ್ರಯೋಗಶಾಲೆಯ ಬೆಳಕನ್ನು ಅವನು ನೋಡುವುದಿಲ್ಲ.

೪

ಎರಡನೆಯ ಗಾಜು ಹೆಬ್ಬೆರಳಿನದು. ದಸ್ತಾವೇಜಿನ ಕೆಳಗೆ ಮಸಿಯ ಹೆಬ್ಬೆಟ್ಟನ್ನು ಒತ್ತುವುದು ಕನ್ನಡ ನಾಡಿನ ಕಚೇರಿಗಳಲ್ಲಿ ಹಳೆಯ ರೂಢಿ. ‘ಹೆಬ್ಬೆಟ್ಟಿನವನು’ ಎಂಬ ಮಾತು ಓದುಬರಹವಿಲ್ಲದವನೆಂಬ ಅರ್ಥದಲ್ಲಿ ಭಾಷೆಯಲ್ಲಿ ನೆಲೆಗೊಂಡಿತು. ವಿಧಿಯ ವಿಲಾಸವೆಂಬಂತೆ ಇಪ್ಪತ್ತೊಂದನೆಯ ಶತಮಾನದಲ್ಲಿ ಓದಿದವನೂ ಹೆಬ್ಬೆಟ್ಟನ್ನು ಒತ್ತುವವನೇ ಆದನು; ಮಸಿ ಮಾತ್ರ ಹೋಗಿ ಬೆಳಕು ಬಂದಿತು.

ಕರ್ನಾಟಕದ ಗ್ರಾಮೀಣ ಜೀವನದಲ್ಲಿ ಈ ಬದಲಾವಣೆಯ ಒಂದು ಮುಖ್ಯ ಘಟ್ಟವೆಂದರೆ ಭೂಮಿ ಎಂಬ ಯೋಜನೆ. ೨೦೦೨ರ ಹೊತ್ತಿಗೆ ರಾಜ್ಯದ ತಾಲ್ಲೂಕು ಕಚೇರಿಗಳಲ್ಲೆಲ್ಲ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಸುಮಾರು ೬೭ ಲಕ್ಷ ಭೂಹಿಡುವಳಿದಾರರ ಸುಮಾರು ಎರಡು ಕೋಟಿ ದಾಖಲೆಗಳು ಅದರಲ್ಲಿ ಸೇರಿದುವು. ಮಂಡ್ಯ, ಮದ್ದೂರು, ಮಳವಳ್ಳಿಗಳ ಒಕ್ಕಲಿಗನು ಆಗ ೧೫ ರೂಪಾಯಿ ಕೊಟ್ಟು ಪಹಣಿಯ ಪ್ರತಿಯನ್ನು ಪಡೆಯುವಂತಾಯಿತು. ಈ ಏರ್ಪಾಡಿನಲ್ಲಿ ಗಮನಿಸತಕ್ಕ ಅಂಶವೊಂದುಂಟು. ದಾಖಲೆಯನ್ನು ತಿದ್ದುವ ಅಧಿಕಾರವುಳ್ಳ ನೌಕರನು ಗುಟ್ಟಿನ ಪದವನ್ನಲ್ಲ, ತನ್ನ ಬೆರಳನ್ನೇ ಕೊಟ್ಟು ಯಂತ್ರದೊಳಗೆ ಪ್ರವೇಶಿಸಬೇಕಾಗಿತ್ತು. ‘ನಾನು ತಿದ್ದಲಿಲ್ಲ’ ಎಂದು ಮುಂದೆ ಜಾರಿಕೊಳ್ಳದಿರಲೆಂಬುದು ಉದ್ದೇಶ. ಹೀಗೆ ಮೊದಲಲ್ಲಿ ಅಧಿಕಾರಿಯನ್ನು ಕಟ್ಟಿಹಾಕಲು ಬಂದ ಬೆರಳಚ್ಚು, ಆಧಾರ್ ಸಂಖ್ಯೆಯು ೨೦೧೦ರಿಂದ ಹಂಚಿಕೆಯಾದ ಮೇಲೆ, ಪ್ರಜೆಯನ್ನು ಗುರುತಿಸುವ ಸಾಧನವಾಗಿ ನ್ಯಾಯಬೆಲೆ ಅಂಗಡಿಯ ಮೇಜಿಗೂ ಬಂದಿತು.

ಈ ಯಂತ್ರಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಗಾಜಿನ ಪಟ್ಟಕವಿರುತ್ತದೆ. ಕೆಳಗಿನಿಂದ ಬಂದ ಬೆಳಕು ಪಟ್ಟಕದ ಮೇಲ್ಮುಖವನ್ನು ಸುಮಾರು ೪೫ ಡಿಗ್ರಿಗಳ ಓರೆಯಲ್ಲಿ ತಾಕುತ್ತದೆ. ಗಾಜು ಮತ್ತು ಗಾಳಿಯ ನಡುವಣ ಮೇರೆ ೪೧ ಡಿಗ್ರಿಗಳ ಸುಮಾರಿನದು. ಆದುದರಿಂದ ಗಾಜಿನ ಮೇಲೆ ಗಾಳಿಯೇ ಇದ್ದರೆ ಬೆಳಕೆಲ್ಲವೂ ಒಳಗೇ ಮರಳಿ, ಒಳಗಿರುವ ಸಣ್ಣ ಕ್ಯಾಮೆರಾಕ್ಕೆ ಮೇಲ್ಮುಖವು ಬೆಳ್ಳಗೆ ಕಾಣುತ್ತದೆ. ಬೆರಳನ್ನು ಇಟ್ಟಾಗ ಚರ್ಮದ ಏಣುಗಳು ಗಾಜನ್ನು ಮುಟ್ಟುತ್ತವೆ, ಅವುಗಳ ನಡುವಣ ತಗ್ಗುಗಳು ಮುಟ್ಟುವುದಿಲ್ಲ. ತೇವವುಳ್ಳ ಚರ್ಮವು ಮುಟ್ಟಿದ ಎಡೆಯಲ್ಲಿ ಮೇರೆಯು ೬೦ ಡಿಗ್ರಿಗಳನ್ನು ಮೀರುತ್ತದೆ. ೪೫ ಡಿಗ್ರಿಗಳಲ್ಲಿ ಬಂದ ಬೆಳಕು ಅಲ್ಲಿ ಮರಳದೆ ಚರ್ಮದೊಳಗೆ ಹೊಕ್ಕು ಹೋಗುತ್ತದೆ. ಏಣು ಕಪ್ಪಾಗಿಯೂ ತಗ್ಗು ಬಿಳಿಯಾಗಿಯೂ ಮೂಡಿ ಬೆರಳಿನ ಚಿತ್ರವಾಗುತ್ತದೆ. ನ್ಯೂಟನ್ನನು ಒತ್ತಿದ ಎರಡು ಗಾಜುಗಳಲ್ಲಿ ಒಂದರ ಸ್ಥಾನದಲ್ಲಿ ಈಗ ಒಕ್ಕಲಿಗನ ಬೆರಳು ನಿಂತಿದೆ.

ಕಬ್ಬಿನ ಗರಿಯನ್ನು ಸುಲಿದು ಸುಲಿದು, ಕುಡುಗೋಲಿನ ಹಿಡಿಯನ್ನು ಹಿಡಿದು ಹಿಡಿದು ಸವೆದ ಬೆರಳಿನ ಗತಿಯೇನು? ಏಣು ಸವೆದಿದ್ದರೆ ಏಣಿಗೂ ತಗ್ಗಿಗೂ ಅಂತರ ಉಳಿಯುವುದಿಲ್ಲ. ಚರ್ಮವು ಒಣಗಿ ಬಿರುಕುಬಿಟ್ಟಿದ್ದರೆ ಏಣು ಗಾಜಿನ ಮೇಲೆ ಕುಳಿತರೂ ನಡುವೆ ಗಾಳಿಯ ತೆಳ್ಳನೆಯ ಪದರವು ಉಳಿಯುತ್ತದೆ, ಬೆಳಕು ಮರಳಿಹೋಗುತ್ತದೆ, ಚಿತ್ರವು ತುಂಡುತುಂಡಾಗುತ್ತದೆ. ಯಂತ್ರವು ‘ಹೊಂದಿಕೆಯಾಗಲಿಲ್ಲ’ ಎನ್ನುತ್ತದೆ. ಯಂತ್ರವು ಸುಳ್ಳು ಹೇಳಿತೆಂದು ಭಾವಿಸಬೇಕಾಗಿಲ್ಲ. ಬೆಳಕು ತನ್ನ ನಿಯಮವನ್ನು ಅಣುಮಾತ್ರವೂ ಮೀರಲಿಲ್ಲ. ಆದರೆ ಆ ನಿಯಮವು ಹೇಳಿದ ಮಾತು ‘ಇಲ್ಲಿ ಗಾಳಿಯಿದೆ’ ಎಂಬುದಷ್ಟೇ. ಅದನ್ನು ‘ಇವನು ಅವನಲ್ಲ’ ಎಂದು ಓದುವುದು ಓದುವವರ ತಪ್ಪು.

೫

ಮೂರನೆಯ ಗಾಜಿನ ಕಥೆ ನೀರಿನಿಂದಲೇ ಆರಂಭವಾಗುತ್ತದೆ. ಜಿನೀವಾ ನಗರದ ಕೊಲಾಡನ್ ಎಂಬವನು ೧೮೪೦ರ ದಶಕದ ಪ್ರಾರಂಭದಲ್ಲಿ ತೊಟ್ಟಿಯ ತೂತಿನಿಂದ ಚಿಮ್ಮುವ ನೀರಿನ ಧಾರೆಯೊಳಕ್ಕೆ ದೀಪದ ಬೆಳಕನ್ನು ತೂರಿಸಿದನು. ಧಾರೆಯು ಬಾಗಿದಂತೆ ಬೆಳಕೂ ಬಾಗಿ, ನೀರು ಬಿದ್ದ ಕಡೆಯಲ್ಲಿ ಬೆಳಗಿತು. ಲಂಡನ್ನಿನಲ್ಲಿ ಟಿಂಡಲ್ಲನು ೧೮೫೪ರಲ್ಲಿ ಇದನ್ನೇ ಸಭಿಕರ ಮುಂದೆ ತೋರಿಸಿದನು. ವಾಸ್ತವವಾಗಿ ಬೆಳಕು ಬಾಗಲಿಲ್ಲ. ಧಾರೆಯ ಒಳಮೈಗೆ ಮತ್ತೆ ಮತ್ತೆ ತಾಕಿ ಮತ್ತೆ ಮತ್ತೆ ಮರಳಿ, ಅದರೊಳಗೇ ಸೆರೆಯಾಗಿ ನಡೆಯಿತು.

ಹಾಗಾದರೆ ಶಿವನಸಮುದ್ರದ ಗಗನಚುಕ್ಕಿಯಲ್ಲಿ ಧುಮುಕುವ ನೀರು ಸೂರ್ಯನ ಬೆಳಕನ್ನು ಹೀಗೆ ಕೆಳಕ್ಕೆ ಏಕೆ ಒಯ್ಯುವುದಿಲ್ಲವೆಂದು ಕೇಳಬಹುದು. ಬಂಡೆಗೆ ಬಡಿದು ಒಡೆದ ನೀರಿನಲ್ಲಿ ನೀರಿಗೂ ಗಾಳಿಗೂ ನಡುವೆ ಲೆಕ್ಕವಿಲ್ಲದಷ್ಟು ಮೇಲ್ಮೈಗಳು ಹುಟ್ಟುತ್ತವೆ. ಒಂದೊಂದೂ ಬೆಳಕನ್ನು ಒಂದೊಂದು ದಿಕ್ಕಿಗೆ ಎರಚುತ್ತದೆ. ಜಲಪಾತವು ಹಾಲಿನಂತೆ ಬೆಳ್ಳಗೆ ಕಾಣುವುದು ಈ ಕಾರಣದಿಂದಲೇ. ಬೆಳಕನ್ನು ನಡೆಸಬೇಕಾದರೆ ದಾರಿಯು ನುಣುಪಾಗಿಯೂ ನಿರ್ಮಲವಾಗಿಯೂ ಇರಬೇಕು. ಅಲ್ಲಿಂದ ಮುಂದಿನ ನೂರು ವರ್ಷಗಳ ಚರಿತ್ರೆಯೆಲ್ಲವೂ ಈ ನುಣುಪಿಗಾಗಿಯೂ ನೈರ್ಮಲ್ಯಕ್ಕಾಗಿಯೂ ನಡೆದ ಹೋರಾಟವೇ.

ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು ಲಂಡನ್ನಿನಲ್ಲಿ ಹಾಪ್ಕಿನ್ಸರೊಡನೆ ಕೆಲಸಮಾಡಿ, ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು ೧೯೫೪ರಲ್ಲಿ ಪ್ರಕಟಿಸಿದರು. ಅದೇ ಸಮಯದಲ್ಲಿ ಹಾಲೆಂಡಿನ ವಾನ್ ಹೀಲ್ ಅವರು ಎಳೆಯ ಮೇಲೆ ಕಡಿಮೆ ಬಾಗಿಸುವ ಮತ್ತೊಂದು ಹೊದಿಕೆಯಿರಬೇಕೆಂಬ ಅಂಶವನ್ನು ಸಾರಿದರು. ಹೊದಿಕೆಯಿಲ್ಲದ ಎಳೆಯು ಬೇರೊಂದು ಎಳೆಯನ್ನೋ ಕೈಯ ಜಿಡ್ಡನ್ನೋ ಮುಟ್ಟಿದೊಡನೆ, ಹೆಬ್ಬೆರಳು ಮುಟ್ಟಿದ ಪಟ್ಟಕದಂತೆಯೇ, ಅಲ್ಲಿ ಬೆಳಕನ್ನು ಸೋರಗೊಡುತ್ತದೆ. ಒಂದು ಯಂತ್ರದಲ್ಲಿ ಗುಣವಾದುದು ಇನ್ನೊಂದರಲ್ಲಿ ದೋಷವಾಯಿತು. ಹೊದಿಕೆಯುಳ್ಳ ಎಳೆಗಳು ೧೯೫೭ರಲ್ಲಿ ವೈದ್ಯರ ಕೈ ಸೇರಿ, ಹೊಟ್ಟೆಯೊಳಗನ್ನು ನೋಡುವ ಎಂಡೋಸ್ಕೋಪಿಗೆ ಕಾರಣವಾದುವು.

ಆದರೆ ದೂರದ ಸುದ್ದಿಗೆ ಈ ಎಳೆ ಸಾಲದು; ಕೆಲವು ಮೀಟರುಗಳಲ್ಲಿಯೇ ಅದರ ಬೆಳಕು ಬತ್ತಿಹೋಗುತ್ತಿತ್ತು. ೧೯೬೬ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕ್ಹ್ಯಾಮ್ ಎಂಬವರು, ನಷ್ಟವು ಗಾಜಿನ ಸ್ವಭಾವದಿಂದಲ್ಲ, ಅದರಲ್ಲಿ ಬೆರೆತ ಕಲ್ಮಷದಿಂದ ಬಂದುದೆಂದೂ, ಒಂದು ಕಿಲೋಮೀಟರು ನಡೆದ ಮೇಲೆ ನೂರಕ್ಕೆ ಒಂದು ಪಾಲು ಬೆಳಕು ಉಳಿದರೂ ಸಾಕೆಂದೂ ಪ್ರತಿಪಾದಿಸಿದರು. ೧೯೭೦ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ಮೂವರು ವಿಜ್ಞಾನಿಗಳು ಆ ಮಟ್ಟವನ್ನು ಮುಟ್ಟಿದರು. ೨೦೦೯ರಲ್ಲಿ ಕಾವ್ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಇಂದಿನ ಉತ್ತಮವಾದ ಎಳೆಯಲ್ಲಿ ಕಿಲೋಮೀಟರಿಗೆ ನೂರಕ್ಕೆ ಐದು ಪಾಲಿಗಿಂತಲೂ ಕಡಿಮೆ ನಷ್ಟ. ೧೯೬೬ರವರು ಒಂದು ಕಿಲೋಮೀಟರಿಗೆ ಆಶಿಸಿದ ಆ ನೂರರಲ್ಲೊಂದು ಪಾಲು ಈಗ ೧೦೦ ಕಿಲೋಮೀಟರು ನಡೆದ ಮೇಲೆ ಉಳಿಯುತ್ತದೆ. ಅಂದರೆ ಬೆಂಗಳೂರಿನಲ್ಲಿ ಎಳೆಯೊಳಕ್ಕೆ ಬಿಟ್ಟ ಬೆಳಕು, ನಡುವೆ ಯಾವ ಸಹಾಯವೂ ಇಲ್ಲದೆ, ಹೆಚ್ಚುಕಡಿಮೆ ಮಂಡ್ಯದವರೆಗೆ ಬಂದು ಅಷ್ಟು ಉಳಿದಿರುತ್ತದೆ. ಅದಕ್ಕೆ ಹಿಡಿಯುವ ಕಾಲ ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ.

ಎಳೆಯ ರಚನೆಯನ್ನು ಸಂಗ್ರಹವಾಗಿ ಹೇಳುವುದಾದರೆ, ನಡುವಣ ತಿರುಳಿನ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು ನೂರರಲ್ಲೊಂದು ಪಾಲು. ಹೊದಿಕೆಯೂ ಸೇರಿ ಎಂಟರಲ್ಲೊಂದು ಪಾಲು. ಎರಡೂ ಗಾಜೇ, ತಿರುಳು ಹೊದಿಕೆಗಿಂತ ಅತ್ಯಲ್ಪವಾಗಿ ಹೆಚ್ಚು ಬಾಗಿಸುತ್ತದೆ. ಇಷ್ಟು ಸಣ್ಣ ತಿರುಳಿನಲ್ಲಿ ಬೆಳಕನ್ನು ಕಿರಣವೆನ್ನುವುದಕ್ಕಿಂತ ತರಂಗವೆಂದು ಎಣಿಸುವುದೇ ನಿಷ್ಕೃಷ್ಟವಾದ ಪಕ್ಷ. ಆದರೂ ಅದು ಒಳಗೇ ಉಳಿಯುವ ಕಾರಣ ಇದೇ. ಕಣ್ಣಿಗೆ ಕಾಣದ ಅವರಕ್ತ ಬೆಳಕನ್ನು ಸಣ್ಣ ಲೇಸರು ಕ್ಷಣಕ್ಕೆ ಕೋಟಿಗಟ್ಟಲೆ ಸಲ ಬೆಳಗಿಸಿ ಆರಿಸುತ್ತದೆ. ಬೆಳಗುವುದು ಒಂದು, ಆರುವುದು ಸೊನ್ನೆ. ಮನೆಗೆ ಬಂದ ಒಂದೇ ಎಳೆಯಲ್ಲಿ ಕೇಂದ್ರದಿಂದ ಬರುವ ಸುದ್ದಿ ಒಂದು ಬಣ್ಣದಲ್ಲಿ, ಮನೆಯಿಂದ ಹೋಗುವ ಸುದ್ದಿ ಮತ್ತೊಂದು ಬಣ್ಣದಲ್ಲಿ ನಡೆಯುತ್ತವೆ. ಎದುರುಬದುರಾದ ಎರಡು ಬೆಳಕುಗಳು ಒಂದನ್ನೊಂದು ತಡೆಯವು. ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆಯು ಆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಕೈಯಲ್ಲಿ ಹಿಡಿದ ಮೊಬೈಲಿಗೆ ತಂತಿಯಿಲ್ಲವೆಂಬುದು ನಿಜ; ಆದರೆ ಅದರ ತಂತಿಯಿಲ್ಲದ ದಾರಿ ಸಮೀಪದ ಗೋಪುರದವರೆಗೆ ಮಾತ್ರ. ಅಲ್ಲಿಂದಾಚೆಗೆ ಮಾತಿನ ದೂರಪ್ರಯಾಣವು ಬಹುಮಟ್ಟಿಗೆ ಗಾಜಿನಲ್ಲಿಯೇ.

ಇಷ್ಟು ಶುದ್ಧವಾದ ಗಾಜಿನಲ್ಲಿ ಉಳಿದ ಅಲ್ಪ ನಷ್ಟಕ್ಕೆ ಕಲ್ಮಷಕ್ಕಿಂತ ಬೆಳಕಿನ ಚದುರುವಿಕೆಯೇ ಮುಖ್ಯ ಕಾರಣ. ಚದುರುವಿಕೆಯ ಮತ್ತೊಂದು ಪ್ರಭೇದವನ್ನು ೧೯೨೮ರಲ್ಲಿ ಕಂಡುಹಿಡಿದ ಚಂದ್ರಶೇಖರ ವೆಂಕಟರಾಮನ್ ಅವರು ಬೆ೦ಗಳೂರಿನ ವಿಜ್ಞಾನ ಮಂದಿರಕ್ಕೆ ಬಂದುದು, ಮಂಡ್ಯದಲ್ಲಿ ಸಕ್ಕರೆ ಕಂಪನಿಯು ಹುಟ್ಟಿದ ೧೯೩೩ರಲ್ಲಿಯೇ. ಅವರ ಹೆಸರಿನ ಆ ಪರಿಣಾಮವನ್ನು ಬಳಸಿ, ಬತ್ತುತ್ತಿರುವ ಬೆಳಕಿಗೆ ಎಳೆಯೊಳಗೇ ಹೊಸ ಬಲವನ್ನು ತುಂಬುವ ಉಪಾಯವು ಈಗ ರೂಢಿಯಲ್ಲಿದೆ.

ಭಾರತದಲ್ಲಿ ರೈಲು ದಾರಿಗಳ ಬದಿಯಲ್ಲಿ ಎಳೆಗಳನ್ನು ನಡೆಸಲು ೨೦೦೦ದಲ್ಲಿ ರೈಲ್‌ಟೆಲ್ ಎಂಬ ಸಂಸ್ಥೆ ಹುಟ್ಟಿತು. ಗ್ರಾಮ ಪಂಚಾಯಿತಿಗಳಿಗೆಲ್ಲ ಎಳೆಯನ್ನು ಮುಟ್ಟಿಸುವ ಯೋಜನೆಗೆ ೨೦೧೧ರಲ್ಲಿ ಒಪ್ಪಿಗೆ ದೊರೆಯಿತು, ಅದು ಅನಂತರ ಭಾರತ್‌ನೆಟ್ ಎಂದು ಹೆಸರಾಯಿತು. ವಿದ್ಯುತ್ತಿನ ದೊಡ್ಡ ಗೋಪುರಗಳ ತುದಿಯಲ್ಲಿ ಸಿಡಿಲಿನ ರಕ್ಷಣೆಗಾಗಿ ಎಳೆದ ತಂತಿಯೊಳಗೂ ಗಾಜಿನ ಎಳೆಗಳನ್ನು ಹುದುಗಿಸುವುದು ಈಗ ವಾಡಿಕೆ. ೧೯೦೨ರಲ್ಲಿ ಮಳವಳ್ಳಿಯ ನೆಲದಿಂದ ತಾಮ್ರದ ತಂತಿಯು ಶಕ್ತಿಯನ್ನು ಹೊತ್ತುಕೊಂಡು ಹೊರಟಿತು. ಶತಮಾನ ಕಳೆದ ಮೇಲೆ ಅಂತಹ ಮಾರ್ಗಗಳಲ್ಲಿ ಶಕ್ತಿಯ ನೆತ್ತಿಯ ಮೇಲೆಯೇ ಗಾಜು ಮಾತನ್ನು ಹೊತ್ತು ನಡೆಯುತ್ತಿದೆ.

೬

ಇನ್ನು ಹೆಸರಿನ ವಿಷಯ. ಅಧ್ಯಾಪಕರು ಇದನ್ನು ದ್ಯುತಿತಂತುವೆನ್ನುತ್ತಾರೆ. ಬೀದಿಯ ಜನರು ಫೈಬರ್ ಎನ್ನುತ್ತಾರೆ. ದ್ಯುತಿತಂತುವೆಂಬುದು ಸಾಧುವಾದ ಸಮಾಸವೇ. ಆದರೆ ನೂಲಿನ ಎಳೆ, ನಾರಿನ ಎಳೆ, ಪಾಕದ ಎಳೆ ಎಂಬ ಪ್ರಯೋಗಗಳಿರುವ ಕನ್ನಡದಲ್ಲಿ ಗಾಜಿನ ಎಳೆಯೆಂದರೆ ವಸ್ತುವೂ ಆಕಾರವೂ ಒಟ್ಟಿಗೆ ತೋರುತ್ತವೆ. ಬೆಲ್ಲದ ಪಾಕವು ಎಳೆಯಾಗುವುದನ್ನು ಕಂಡ ಮಂಡ್ಯದ ಹುಡುಗನಿಗೆ, ಕಾಯಿಸಿದ ಗಾಜಿನ ದಿಂಡನ್ನು ಎಳೆದು ಕೂದಲಿನಂತೆ ಮಾಡುತ್ತಾರೆಂದರೆ ಬೇರೆ ವ್ಯಾಖ್ಯಾನವೇ ಬೇಡ.

ಇನ್ನು ಪ್ರಸ್ತಾಪಿತವಾದ ನ್ಯಾಯ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಬೇರೊಂದು ಪ್ರಮಾಣವೆನ್ನುತ್ತಾರೆ. ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿಯೆನ್ನುತ್ತಾರೆ. ಆದರೆ ಒಂದು ಅಂಶದಲ್ಲಿ ಇಬ್ಬರೂ ಸಮ್ಮತರು. ಕಾಣದಿರುವಿಕೆಯೆಲ್ಲವೂ ಇಲ್ಲದಿರುವಿಕೆಗೆ ಪ್ರಮಾಣವಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಇರುವಲ್ಲಿ ಮಾತ್ರ ಕಾಣದಿರುವಿಕೆಯು ಇಲ್ಲವೆಂಬುದನ್ನು ಸಾಧಿಸುತ್ತದೆ. ಬೆಳಕುಳ್ಳ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಸವೆದು ಒಣಗಿದ ಹೆಬ್ಬೆರಳು ಪಟ್ಟಕದ ಪಾಲಿಗೆ ಆ ಕತ್ತಲೆಯ ಕೋಣೆ. ಅಲ್ಲಿ ಯಂತ್ರವು ಕಾಣದಿರುವುದರಿಂದ ಮನುಷ್ಯನಿಲ್ಲವೆಂದು ನಿರ್ಣಯಿಸುವುದು ತರ್ಕದ ದೃಷ್ಟಿಯಿಂದಲೂ ಬೆಳಕಿನ ಶಾಸ್ತ್ರದ ದೃಷ್ಟಿಯಿಂದಲೂ ಅಪ್ರಾಮಾಣಿಕ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೮ನೆಯ ಇಸವಿ ಸೆಪ್ಟೆಂಬರ್ ೨೬ರಂದು ಕೊಟ್ಟ ತೀರ್ಪಿನ ಬಹುಮತದ ಭಾಗವೂ, ಬೆರಳು ಹೊಂದದಿದ್ದ ಮಾತ್ರಕ್ಕೆ ಅರ್ಹನಿಗೆ ಸವಲತ್ತು ತಪ್ಪಬಾರದು, ಬೇರೆ ವಿಧದಿಂದ ಅವನ ಗುರುತನ್ನು ಒಪ್ಪಬೇಕೆಂಬ ಅಭಿಪ್ರಾಯವನ್ನೇ ತಳೆಯಿತು.

ಈ ವಿವೇಕವನ್ನು ಉಳಿದ ಎರಡು ಗಾಜುಗಳಿಗೂ ಅನ್ವಯಿಸಬಹುದು. ಬ್ರಿಕ್ಸಿನ ಗೆರೆಯು ಕರಗಿದ ವಸ್ತುವಿಗೆ ಸಾಕ್ಷಿ, ಸಕ್ಕರೆಯೊಂದಕ್ಕೇ ಅಲ್ಲ. ಎಳೆಯ ಕೊನೆಯಲ್ಲಿ ಬೆಳಕು ಬಾರದಿದ್ದರೆ ಅದು ನಡುದಾರಿಯಲ್ಲಿ ಎಳೆ ತುಂಡಾದುದಕ್ಕೆ ಸಾಕ್ಷಿ, ಪಹಣಿಯಲ್ಲಿ ಹೆಸರಿಲ್ಲದುದಕ್ಕಲ್ಲ. ಹಿಂದೆ ಮಂಡ್ಯದ ಒಕ್ಕಲಿಗನು ನಾಲೆಯ ತೂಬು ಎಷ್ಟು ತೆರೆದಿದೆಯೆಂಬುದನ್ನು ತಿಳಿದು ತನ್ನ ಪಾಲಿನ ನೀರನ್ನು ಕೇಳಿದನು. ಇಂದು ಗಾಜು ಯಾವಾಗ ಕಿಟಕಿ, ಯಾವಾಗ ಕನ್ನಡಿಯೆಂಬುದನ್ನೂ ಅವನು ತಿಳಿಯಬೇಕಾಗಿದೆ. ಅವನ ಮಕ್ಕಳಿಗೆ ಅದನ್ನು ಕನ್ನಡದಲ್ಲಿ ತಿಳಿಸುವ ಭಾರವು ಅಧ್ಯಾಪಕರ ಮೇಲಿದೆ.